ಖರೆ ಯಾವುದು, ಸುಳ್ಳು ಯಾವುದು: ಮಕ್ಕಳಿಗೆ ಕಲಿಸಲು ಯಾವ ವಿಧಾನ ಆರಿಸಬೇಕು?

ಮೊಬೈಲಿನಲ್ಲಿ ಬಂದದ್ದನ್ನು ಹೇಗೆ ಪರೀಕ್ಷಿಸಬೇಕು ಅಂತ ಮಕ್ಕಳಿಗೆ ಕಲಿಸಲು ಹೊರಟ ಶಿಕ್ಷಕರ ಮುಂದೆ ಈಗ ಐದು ದಾರಿಗಳಿವೆ. ಹೊರಗಿನಿಂದ ಒಬ್ಬರನ್ನು ಕರೆಸಿ ಅರ್ಧ ದಿನದ ಕಾರ್ಯಾಗಾರ ಮಾಡಿಸುವುದು ಒಂದು. ಪ್ರಶ್ನೆಗಳ ಪಟ್ಟಿ ಕೊಟ್ಟು ಪ್ರತಿ ಪುಟಕ್ಕೂ ಅದನ್ನು ಹಚ್ಚಿ ನೋಡಿಸುವುದು ಇನ್ನೊಂದು. ಪುಟವನ್ನು ಬಿಟ್ಟು ಹೊರಗೆ ಹೋಗಿ ವಿಚಾರಿಸುವ ರೂಢಿ ಬೆಳೆಸುವುದು ಮೂರನೆಯದು. ಸುಳ್ಳುಸುದ್ದಿ ಹುಟ್ಟಿಸುವ ಆಟ ಆಡಿಸಿ ಅದರ ಒಳಗುಟ್ಟು ತೋರಿಸುವುದು ನಾಲ್ಕನೆಯದು. ಬೇರೆ ಪಾಠವೇ ಬೇಡ, ಕನ್ನಡ, ಸಮಾಜ ವಿಜ್ಞಾನ, ವಿಜ್ಞಾನದ ಪಿರಿಯಡ್‌ಗಳಲ್ಲೇ ಸೇರಿಸೋಣ ಅನ್ನುವುದು ಕೊನೆಯದು. ಐದಕ್ಕೂ ಹೊಗಳುವವರಿದ್ದಾರೆ, ಐದರ ಹೆಸರಿನಲ್ಲೂ ತರಬೇತಿಗಳು ನಡೆಯುತ್ತವೆ.

ಈ ಬರಹ ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯ ಹೈಸ್ಕೂಲು ಮತ್ತು ಪಿಯು ಕಾಲೇಜುಗಳ ಶಿಕ್ಷಕರಿಗಾಗಿ. ತರಗತಿಯಲ್ಲಿ ಐವತ್ತು-ಅರವತ್ತು ಮಕ್ಕಳು, ಶಾಲೆಗೆ ಮೊಬೈಲ್ ತರುವಂತಿಲ್ಲ, ಪ್ರೊಜೆಕ್ಟರ್ ಇದ್ದರೂ ಕರೆಂಟಿನ ಭರವಸೆ ಇಲ್ಲ, ಜನವರಿ ಬಂತೆಂದರೆ ಎಸ್ಸೆಸ್ಸೆಲ್ಸಿ ಬಿಟ್ಟು ಬೇರೆ ಮಾತೇ ಇಲ್ಲ. ಇಷ್ಟನ್ನು ಒಪ್ಪಿಕೊಂಡೇ ಹೋಲಿಸಿದ್ದೇನೆ. ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ: ಮೂರನೆಯ ದಾರಿಯನ್ನು ಐದನೆಯದರೊಳಗೆ ಸೇರಿಸಿ. ಅಂದರೆ ಹೊರಗೆ ಹೋಗಿ ವಿಚಾರಿಸುವ ರೂಢಿಯನ್ನು ಈಗಿರುವ ಪಾಠಗಳಲ್ಲೇ ಸ್ವಲ್ಪ ಸ್ವಲ್ಪವಾಗಿ, ವರ್ಷವಿಡೀ ಮಾಡಿಸಿ. ಉಳಿದ ಮೂರಕ್ಕೂ ಅವುಗಳದೇ ಜಾಗ ಇದೆ, ಆದರೆ ಅದು ಸಣ್ಣ ಜಾಗ.

ಕಾರ್ಯಾಗಾರ: ಫೋಟೋಕ್ಕೆ ಚೆಂದ

ಆಡಳಿತ ಮಂಡಳಿಗೆ ಬಹಳ ಇಷ್ಟವಾಗುವುದು ಇದು. ಬ್ಯಾನರ್ ಕಟ್ಟಬಹುದು, ಪೇಪರಿನಲ್ಲಿ ಫೋಟೋ ಬರುತ್ತದೆ, ಅರ್ಧ ದಿನದಲ್ಲಿ ಮುಗಿಯುತ್ತದೆ. ಆದರೆ ಒಂದೇ ಸಲದ ಪಾಠ ನಿಲ್ಲುವುದಿಲ್ಲ ಅನ್ನುವುದಕ್ಕೆ ನಮ್ಮ ದೇಶದ್ದೇ ಪುರಾವೆ ಇದೆ. 2019ರ ಲೋಕಸಭಾ ಚುನಾವಣೆಯ ವೇಳೆ ಸುಮಿತ್ರಾ ಬದ್ರಿನಾಥನ್ ಎಂಬ ಸಂಶೋಧಕಿ ಬಿಹಾರದಲ್ಲಿ 1,224 ಜನರನ್ನು ಇಟ್ಟುಕೊಂಡು ಒಂದು ಪ್ರಯೋಗ ಮಾಡಿದರು. ಮನೆಗೇ ಹೋಗಿ ಸುಮಾರು ಒಂದು ತಾಸು ಕೂತು, ಫೋಟೋ ಹುಡುಕುವುದು ಹೇಗೆ, ಸುದ್ದಿ ಪರೀಕ್ಷಿಸುವುದು ಹೇಗೆ ಅಂತ ಕಲಿಸಿಕೊಟ್ಟರು. ಆಮೇಲೆ ಅಳೆದು ನೋಡಿದರೆ, ಕಲಿತವರಿಗೂ ಕಲಿಯದವರಿಗೂ ಒಟ್ಟಾರೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ.

ಅದೇ ಸಂಶೋಧಕಿ ಬೇರೆಯವರ ಜೊತೆ ಸೇರಿ ಅದೇ ಬಿಹಾರದಲ್ಲಿ ಮುಂದೆ ಇನ್ನೊಂದು ಪ್ರಯೋಗ ಮಾಡಿದರು. ಈ ಸಲ ಹದಿಮೂರು ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳು, 583 ಹಳ್ಳಿಗಳು. ಪಾಠ ಒಂದೇ ದಿನಕ್ಕೆ ಮುಗಿಯಲಿಲ್ಲ. ಸರ್ಕಾರಿ ಗ್ರಂಥಾಲಯಗಳಲ್ಲಿ ನಾಲ್ಕು ಕಂತುಗಳಾಗಿ, ಸುಮಾರು ಹದಿನಾಲ್ಕು ವಾರಗಳಲ್ಲಿ ಹರಡಿಕೊಂಡಿತ್ತು. ಈ ಮಕ್ಕಳು ಖರೆ-ಸುಳ್ಳು ಬೇರ್ಪಡಿಸುವುದರಲ್ಲಿ ಮುಂದೆ ಬಂದರು, ನಾಲ್ಕು ತಿಂಗಳ ನಂತರವೂ ಆ ಪರಿಣಾಮ ಉಳಿದಿತ್ತು. ನನಗೆ ಎಲ್ಲಕ್ಕಿಂತ ಹಿಡಿಸಿದ ಸಂಗತಿ ಬೇರೆ: ಪಾಠ ಕೇಳದ ಅವರ ಅಪ್ಪ-ಅವ್ವಂದಿರೂ ಸುಧಾರಿಸಿದ್ದರು. ಮಕ್ಕಳು ಮನೆಯಲ್ಲಿ ಹೇಳಿದ್ದಾರೆ, ಹಿರಿಯರು ಕೇಳಿದ್ದಾರೆ.

ಎರಡೂ ಪ್ರಯೋಗಗಳಲ್ಲಿ ಕಲಿತವರ ವಯಸ್ಸು ಬೇರೆ, ಸಂದರ್ಭ ಬೇರೆ. ಹಾಗಾಗಿ ನೇರ ಹೋಲಿಕೆ ಪೂರ್ತಿ ಸರಿಯಲ್ಲ. ಆದರೂ ಒಂದು ದಿನದ ಕಾರ್ಯಕ್ರಮಕ್ಕೆ ಇಟ್ಟ ದುಡ್ಡನ್ನು ನಾಲ್ಕು ಸಣ್ಣ ತರಗತಿಗಳಿಗೆ ಹಂಚಿ ಅಂತ ಮುಖ್ಯೋಪಾಧ್ಯಾಯರಿಗೆ ಹೇಳಲು ಇಷ್ಟು ಸಾಕು. ಕೇರಳದ ಕಣ್ಣೂರು ಜಿಲ್ಲೆಯಲ್ಲಿ 2018ರಲ್ಲಿ ಜಿಲ್ಲಾಧಿಕಾರಿಗಳೇ ಮುಂದೆ ನಿಂತು ಸುಮಾರು 150 ಸರ್ಕಾರಿ ಶಾಲೆಗಳಲ್ಲಿ ಇಂಥ ಪಾಠ ಮಾಡಿಸಿದರು. ಅಲ್ಲಿ ಪಾಠ ನಡೆದದ್ದು ಶಾಲೆಯ ಒಳಗೆ, ತರಗತಿಯ ಹೊತ್ತಿನಲ್ಲಿ. ಕಾರ್ಯಾಗಾರ ಮಾಡಲೇಬೇಕಾದರೆ ಪಾಲಕರ ಸಭೆಗೆ ಇಟ್ಟುಕೊಳ್ಳಿ, ಅವರು ಸಿಗುವುದೇ ವರ್ಷಕ್ಕೆ ಒಂದೆರಡು ಸಲ.

ಪ್ರಶ್ನೆಗಳ ಪಟ್ಟಿ: ಸುಲಭ, ಆದರೆ ಮೋಸ ಹೋಗಲು ಬಾಗಿಲು ತೆರೆದಿದೆ

2004ರಲ್ಲಿ ಕ್ಯಾಲಿಫೋರ್ನಿಯಾದ ಚೀಕೊದಲ್ಲಿರುವ ವಿಶ್ವವಿದ್ಯಾಲಯದ ಗ್ರಂಥಪಾಲಕಿ ಸಾರಾ ಬ್ಲೇಕ್ಸ್ಲೀ ಐದು ಪ್ರಶ್ನೆಗಳ ಒಂದು ಪಟ್ಟಿ ಮಾಡಿದರು. ಮಾಹಿತಿ ಯಾವ ಕಾಲದ್ದು? ನನ್ನ ವಿಷಯಕ್ಕೆ ಸಂಬಂಧ ಇದೆಯೇ? ಬರೆದವರು ಯಾರು, ಅವರಿಗೇನು ಅಧಿಕಾರ? ಹೇಳಿದ್ದು ನಿಖರವೇ? ಉದ್ದೇಶ ಏನು? ಜಗತ್ತಿನ ಎಷ್ಟೋ ಗ್ರಂಥಾಲಯಗಳಲ್ಲಿ ಈ ಪಟ್ಟಿ ಇವತ್ತಿಗೂ ಗೋಡೆಗೆ ತೂಗುತ್ತದೆ. ಶಿಕ್ಷಕರಿಗೆ ಇದು ಯಾಕೆ ಪ್ರಿಯ ಅಂದರೆ, ಕರಿಹಲಗೆಯ ಮೇಲೆ ಬರೆಯಬಹುದು, ನೋಟ್‌ಬುಕ್ಕಿಗೆ ಇಳಿಸಬಹುದು, ಐದು ಅಂಕದ ಪ್ರಶ್ನೆ ಕೇಳಬಹುದು. ಕರೆಂಟು ಬೇಡ, ಇಂಟರ್‌ನೆಟ್ಟೂ ಬೇಡ.

ತೊಂದರೆ ಇರುವುದು ಉತ್ತರ ಎಲ್ಲಿಂದ ಬರುತ್ತದೆ ಅನ್ನುವಲ್ಲಿ. ಪಟ್ಟಿ ಹಿಡಿದ ಹುಡುಗ ಅದೇ ಪುಟದಲ್ಲಿ ಮೇಲೆ ಕೆಳಗೆ ಓಡಾಡಿ ಉತ್ತರ ಹುಡುಕುತ್ತಾನೆ. ಬರೆದವರು ಯಾರು? ‘ನಮ್ಮ ಬಗ್ಗೆ’ ಅನ್ನುವಲ್ಲಿ ಡಾಕ್ಟರ್ ಅಂತ ಇದೆ. ಉದ್ದೇಶ? ಸಮಾಜಸೇವೆ ಅಂತ ಅವರೇ ಬರೆದುಕೊಂಡಿದ್ದಾರೆ. ವಿಳಾಸ ‘ಡಾಟ್ ಆರ್ಗ್’ ಅಂತ ಮುಗಿಯುತ್ತದೆ, ಹಾಗಾದರೆ ಸಂಸ್ಥೆ ಖರೇನೇ ಇರಬೇಕು. ‘ಡಾಟ್ ಆರ್ಗ್’ ವಿಳಾಸವನ್ನು ಯಾರು ಬೇಕಾದರೂ ದುಡ್ಡು ಕೊಟ್ಟು ಕೊಳ್ಳಬಹುದು. ‘ಗವ್ ಡಾಟ್ ಇನ್’ ಸರ್ಕಾರಕ್ಕೆ ಮಾತ್ರ, ‘ಎಸಿ ಡಾಟ್ ಇನ್’ ಶಿಕ್ಷಣ ಸಂಸ್ಥೆಗಳಿಗೆ ಮಾತ್ರ. ಈ ವ್ಯತ್ಯಾಸವನ್ನು ಒಂದು ದಿನ ಹೇಳಿಕೊಟ್ಟರೆ ಲಾಭ ಇದೆ, ಆದರೆ ಅದರ ಮೇಲೇ ತೀರ್ಪು ಕೊಡಿಸಿದರೆ ನಷ್ಟ.

ಹೆಣ್ಣು ಕೊಡುವಾಗ ಗಂಡಿನ ಮನೆಯವರನ್ನೇ ‘ನಿಮ್ಮ ಹುಡುಗ ಹೆಂಗರೀ?’ ಅಂತ ಕೇಳಿ ಬರುತ್ತೇವೆಯೇ? ಅವರ ಊರಿಗೆ ಹೋಗಿ, ಓಣಿಯ ನಾಲ್ಕು ಮಂದಿಯನ್ನು ಕೇಳುತ್ತೇವೆ. ಪಟ್ಟಿ ಮಾಡಿಸುವುದು ಮೊದಲನೆಯದನ್ನು.

ಇದಕ್ಕೆ ಗಟ್ಟಿ ಆಧಾರ 2017ರಲ್ಲಿ ಸಿಕ್ಕಿತು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸ್ಯಾಮ್ ವೈನ್‌ಬರ್ಗ್ ಮತ್ತು ಸಾರಾ ಮೆಕ್‌ಗ್ರೂ ಒಟ್ಟು 45 ಜನರನ್ನು ಕಂಪ್ಯೂಟರ್ ಮುಂದೆ ಕೂರಿಸಿದರು: ಹತ್ತು ಮಂದಿ ಪಿಎಚ್‌ಡಿ ಆದ ಇತಿಹಾಸಕಾರರು, ಹತ್ತು ಮಂದಿ ಸುದ್ದಿ ಪರೀಕ್ಷಿಸುವುದನ್ನೇ ಕಸುಬು ಮಾಡಿಕೊಂಡವರು, 25 ಸ್ಟ್ಯಾನ್‌ಫರ್ಡ್ ವಿದ್ಯಾರ್ಥಿಗಳು. ಅಮೆರಿಕದ ಎರಡು ಮಕ್ಕಳ ವೈದ್ಯರ ಸಂಘಟನೆಗಳ ವೆಬ್‌ಸೈಟ್ ತೋರಿಸಿ ಯಾವುದು ಹೆಚ್ಚು ನಂಬಲರ್ಹ ಅಂತ ಕೇಳಿದರು. ಒಂದು 1930ರಿಂದ ಇರುವ, ಅರವತ್ತು ಸಾವಿರಕ್ಕೂ ಹೆಚ್ಚು ಸದಸ್ಯರಿರುವ ದೊಡ್ಡ ಸಂಘ. ಇನ್ನೊಂದು 2002ರಲ್ಲಿ ಅದರಿಂದ ಸಿಡಿದು ಹೋದ ಸಣ್ಣ ಗುಂಪು, ಹೆಸರು ಮಾತ್ರ ಹೆಚ್ಚುಕಡಿಮೆ ಒಂದೇ. ಕಸುಬಿನವರು ಹತ್ತಕ್ಕೆ ಹತ್ತೂ ಮಂದಿ ದೊಡ್ಡ ಸಂಘವನ್ನೇ ಆರಿಸಿದರು. ಇತಿಹಾಸಕಾರರಲ್ಲಿ ಅರ್ಧದಷ್ಟು ಜನ ಮಾತ್ರ. ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಸಣ್ಣ ಗುಂಪಿನ ಸೈಟನ್ನೇ ಮೆಚ್ಚಿದರು. ಅದು ನೋಡಲು ಅಚ್ಚುಕಟ್ಟಾಗಿತ್ತು, ಕೆಳಗೆ ಆಕರಗಳ ಪಟ್ಟಿಯೂ ಇತ್ತು.

ಕಸುಬಿನವರು ಮಾಡಿದ್ದು ಇಷ್ಟೇ. ಪುಟವನ್ನು ಓದುವ ಮೊದಲೇ ಹೊಸ ಟ್ಯಾಬ್ ತೆರೆದು, ಈ ಸಂಘದ ಬಗ್ಗೆ ಬೇರೆಯವರು ಏನನ್ನುತ್ತಾರೆ ಅಂತ ನೋಡಿದರು. ಓದಿದ್ದು ಕಡಿಮೆ, ತಿಳಿದದ್ದು ಹೆಚ್ಚು.

ಪಟ್ಟಿಯನ್ನು ಪೂರ್ತಿ ಬಿಸಾಡಬೇಡಿ. ಪದವಿ ಕಾಲೇಜಿನಲ್ಲಿ ನಾಲ್ಕು ಒಳ್ಳೆಯ ಲೇಖನಗಳಲ್ಲಿ ಯಾವುದು ನನ್ನ ಪ್ರಾಜೆಕ್ಟಿಗೆ ಹೊಂದುತ್ತದೆ ಅಂತ ನೋಡುವಾಗ ಅದು ಕೆಲಸಕ್ಕೆ ಬರುತ್ತದೆ. ಅದರೊಳಗಿನ ‘ಯಾವ ಕಾಲದ್ದು?’ ಅನ್ನುವ ಒಂದು ಪ್ರಶ್ನೆಯಂತೂ ನಮ್ಮ ಕಡೆ ಚಿನ್ನ. ಜಗತ್ತಿನ ಅತಿ ಉದ್ದದ ರೈಲ್ವೆ ಪ್ಲಾಟ್‌ಫಾರ್ಮ್ ಯಾವುದು ಅಂತ ಹುಡುಕಿಸಿ. ಹಳೆಯ ಪುಟಗಳು, ಸ್ಪರ್ಧಾತ್ಮಕ ಪರೀಕ್ಷೆಯ ಹಳೆಯ ಪಿಡಿಎಫ್‌ಗಳು 1,366 ಮೀಟರಿನ ಗೋರಖ್‌ಪುರ ಅನ್ನುತ್ತವೆ. ಉತ್ತರ ನಮ್ಮ ಹುಬ್ಬಳ್ಳಿಯ ಸಿದ್ಧಾರೂಢ ಸ್ವಾಮೀಜಿ ನಿಲ್ದಾಣ, 1,507 ಮೀಟರ್, ಉದ್ಘಾಟನೆ ಆದದ್ದು 2023ರ ಮಾರ್ಚಿನಲ್ಲಿ. ಹಳೆಯ ಪುಟ ಬರೆದವನು ಸುಳ್ಳು ಬರೆದಿಲ್ಲ, ಕಾಲ ಮುಂದೆ ಹೋಗಿದೆ.

ಇನ್ನೂ ಚೆಂದದ ಉದಾಹರಣೆ ಜಿಲ್ಲೆಯದು. ಧಾರವಾಡ ಜಿಲ್ಲೆಯ ಜನಸಂಖ್ಯೆ 1991ರಲ್ಲಿ ಸುಮಾರು 35 ಲಕ್ಷ, 2011ರಲ್ಲಿ 18.47 ಲಕ್ಷ. ಅರ್ಧ ಜನ ಎಲ್ಲಿ ಹೋದರು? ಒಂಬತ್ತನೇ ತರಗತಿಯಲ್ಲಿ ಈ ಪ್ರಶ್ನೆ ಎತ್ತಿದರೆ ಗುಳೆ ಹೋದರು, ಬೆಂಗಳೂರಿಗೆ ಹೋದರು ಅಂತ ಉತ್ತರಗಳು ಹರಿದು ಬರುತ್ತವೆ. 1997ರಲ್ಲಿ ಗದಗ, ಹಾವೇರಿ ಬೇರೆ ಜಿಲ್ಲೆಗಳಾದವು ಅನ್ನುವುದು ಯಾರಿಗಾದರೂ ಹೊಳೆಯುವವರೆಗೆ ಸುಮ್ಮನೆ ನಿಲ್ಲಬೇಕು, ಉತ್ತರ ಹೇಳಿಬಿಡಬಾರದು.

ಹೊರಗೆ ಹೋಗಿ ವಿಚಾರಿಸುವುದು: ನನ್ನ ಆಯ್ಕೆ

ಸ್ಟ್ಯಾನ್‌ಫರ್ಡ್‌ನವರು ಕಂಡ ಈ ರೂಢಿಯನ್ನು ಮೈಕ್ ಕಾಲ್‌ಫೀಲ್ಡ್ ಎಂಬ ಅಮೆರಿಕದ ಶಿಕ್ಷಕ 2019ರಲ್ಲಿ ನಾಲ್ಕು ಹೆಜ್ಜೆಗಳಿಗೆ ಇಳಿಸಿದರು. ನಮ್ಮ ಮಾತಿನಲ್ಲಿ ಹೇಳುವುದಾದರೆ: ನಿಂದ್ರು. ಹೇಳಿದವರು ಯಾರು ಅಂತ ಹೊರಗೆ ಕೇಳು. ಇದೇ ವಿಷಯ ಬ್ಯಾರೆ ಕಡೆ ಏನೈತಿ ನೋಡು. ಮೂಲಕ್ಕ ಹೋಗು. ಐದು ಪ್ರಶ್ನೆಗಳಿಗೆ ಅಂಕ ಹಾಕುತ್ತ ಕೂರುವ ಕೆಲಸ ಇಲ್ಲ. ಕೆಲವೊಮ್ಮೆ ಎರಡನೇ ಹೆಜ್ಜೆಗೇ, ಅರ್ಧ ನಿಮಿಷದಲ್ಲಿ ಮುಗಿದುಹೋಗುತ್ತದೆ.

ಅಮೆರಿಕದ ನೆಬ್ರಾಸ್ಕಾದ ಒಂದು ಪಟ್ಟಣದ ಹೈಸ್ಕೂಲುಗಳಲ್ಲಿ ಇದನ್ನು ಪರೀಕ್ಷಿಸಿದ್ದಾರೆ. 499 ವಿದ್ಯಾರ್ಥಿಗಳು, ಪೌರನೀತಿಯ ತರಗತಿಯೊಳಗೆ ಐವತ್ತು ನಿಮಿಷದ ಆರು ಪಾಠ, ಕಲಿಸಿದ್ದು ಅಲ್ಲಿಯ ಖಾಯಂ ಶಿಕ್ಷಕರೇ. ಪಾಠ ಕೇಳದ ತರಗತಿಗಳಿಗಿಂತ ಈ ಮಕ್ಕಳು ಸ್ಪಷ್ಟವಾಗಿ ಮುಂದೆ ಹೋದರು. ಆರು ಪಿರಿಯಡ್ ಅಂದರೆ ನಮ್ಮ ಶಾಲೆಗಳಲ್ಲೂ ಹೊಂದಿಸಬಹುದಾದ ಲೆಕ್ಕ.

ನಮ್ಮ ಕಡೆಯ ಮಕ್ಕಳಿಗೆ ಯಾವುದರ ಮೇಲೆ ಅಭ್ಯಾಸ ಮಾಡಿಸಬೇಕು? ಅಮೆರಿಕದಲ್ಲಿ ಮರದ ಮೇಲೆ ವಾಸಿಸುವ ಆಕ್ಟೋಪಸ್ ಬಗ್ಗೆ 1998ರಲ್ಲಿ ತಮಾಷೆಗೆ ಮಾಡಿದ ಒಂದು ವೆಬ್‌ಸೈಟ್ ಇದೆ. ಏಳನೇ ತರಗತಿಯ 25 ಮಕ್ಕಳಿಗೆ ತೋರಿಸಿದಾಗ ಹೆಚ್ಚುಕಡಿಮೆ ಎಲ್ಲರೂ ನಂಬಿದರು ಅಂತ ಅಲ್ಲಿಯ ಸಂಶೋಧಕರು ಬರೆದರು. ಅದನ್ನೇ ಇಲ್ಲಿ ತಂದು ತೋರಿಸುವ ತರಬೇತುದಾರರಿದ್ದಾರೆ. ನನಗದು ಸರಿ ಕಾಣುವುದಿಲ್ಲ. ಕಾಣದ ದೇಶದ ಕಾಣದ ಪ್ರಾಣಿ ಇದೆಯೋ ಇಲ್ಲವೋ ಅಂತ ಹೇಳಲು ಹಿರೇಕೆರೂರಿನ ಹುಡುಗಿಗೆ ಏನು ಆಧಾರ? ಅವಳ ಮನೆಯವರ ಮೊಬೈಲಿಗೆ ಬರುವುದನ್ನೇ ತನ್ನಿ.

ಮಳೆ ರಜೆಯಿಂದ ಸುರು ಮಾಡಿ. ಜುಲೈ ತಿಂಗಳು, ರಾತ್ರಿಯಿಡೀ ಮಳೆ, ಒಂಬತ್ತು ಗಂಟೆಗೆ ವಾಟ್ಸ್ಆ್ಯಪ್ಪಿನಲ್ಲಿ ಜಿಲ್ಲಾಧಿಕಾರಿಗಳ ಆದೇಶದ ಚಿತ್ರ: ನಾಳೆ ಎಲ್ಲ ಶಾಲೆಗಳಿಗೆ ರಜೆ. ಸಹಿ ಇದೆ, ಮೊಹರು ಇದೆ. ದಿನಾಂಕ ಕತ್ತರಿಸಿಹೋಗಿದೆ, ಅಥವಾ ಅದರ ಜಾಗದ ಅಕ್ಷರ ಉಳಿದವುಗಳಂತಿಲ್ಲ. ಈ ಪಾಠಕ್ಕೆ ಮಕ್ಕಳು ಕಿವಿ ಕೊಟ್ಟಷ್ಟು ಬೇರೆ ಯಾವುದಕ್ಕೂ ಕೊಡುವುದಿಲ್ಲ, ಯಾಕೆಂದರೆ ಇಲ್ಲಿ ಅವರ ಸ್ವಂತ ಹಿತಾಸಕ್ತಿ ಇದೆ! ಸುದ್ದಿ ಖರೆ ಆಗಲಿ ಅನ್ನುವ ಆಸೆಯೇ ನಂಬಿಕೆಯನ್ನು ಹೇಗೆ ಹುಟ್ಟಿಸುತ್ತದೆ ಅಂತ ತೋರಿಸಲು ಇದಕ್ಕಿಂತ ಒಳ್ಳೆಯದು ಸಿಗದು. ಎರಡು ಬಾಣದ ಗುರುತು ಇದೆಯೇ ನೋಡಿಸಿ. ಸಂದೇಶ ಕೈಯಿಂದ ಕೈಗೆ ಐದು ಅಥವಾ ಹೆಚ್ಚು ಸಲ ದಾಟಿ ಬಂದಿದ್ದರೆ ವಾಟ್ಸ್ಆ್ಯಪ್ ಆ ಗುರುತು ಹಾಕುತ್ತದೆ. ಅದು ಸುಳ್ಳಿನ ಗುರುತಲ್ಲ, ನಿಮಗೆ ಕಳಿಸಿದವರು ಅದನ್ನು ಬರೆದವರಲ್ಲ ಅನ್ನುವುದರ ಗುರುತು. ಆಮೇಲೆ ಆದೇಶ ಯಾವ ಜಿಲ್ಲೆಯದು, ಯಾವ ತಾಲ್ಲೂಕುಗಳಿಗೆ, ಅಂಗನವಾಡಿಗೋ ಹೈಸ್ಕೂಲಿಗೋ, ಪಿಯುಗೂ ಇದೆಯೋ ಅಂತ ಓದಿಸಿ. ಧಾರವಾಡ ತಾಲ್ಲೂಕಿನ ಮಳೆಗೂ ನವಲಗುಂದದ ಮಳೆಗೂ ಎಷ್ಟು ಅಂತರ ಅಂತ ಗೊತ್ತಿರುವ ಮಕ್ಕಳು ತಾವೇ ಪ್ರಶ್ನೆ ಎತ್ತುತ್ತಾರೆ. ಕೊನೆಯ ಹೆಜ್ಜೆ, ಮೂಲ. ಇಲ್ಲಿ ಹೆಡ್‌ಮಾಸ್ತರಿಗೆ ಒಂದು ಫೋನು ಮಾಡುವುದೇ ಎಲ್ಲಕ್ಕಿಂತ ಬೇಗದ ಪರೀಕ್ಷೆ. ಅಂತರ್ಜಾಲದ ಸುದ್ದಿಯನ್ನು ಅಂತರ್ಜಾಲದಲ್ಲೇ ಪರೀಕ್ಷಿಸಬೇಕೆಂಬ ಕಾನೂನೇನೂ ಇಲ್ಲ.

ಎರಡನೇ ಅಭ್ಯಾಸಕ್ಕೆ ಸರ್ವಜ್ಞ. ಮಾಸೂರು-ಅಬಲೂರಿನ ಸೀಮೆಯವನು, ಹಾವೇರಿ ಜಿಲ್ಲೆಯ ಹೆಮ್ಮೆ. ಮೂರು ಸಾಲು ಬರೆದು ಕೊನೆಗೆ ‘ಸರ್ವಜ್ಞ’ ಅಂತ ಸೇರಿಸಿದರೆ ಸಾಕು, ಗುಲಾಬಿ ಹೂವಿನ ಚಿತ್ರದ ಮೇಲೆ ಬೆಳಗಿನ ಶುಭೋದಯಕ್ಕೆ ತ್ರಿಪದಿ ತಯಾರು. ‘ಕೂಡಲಸಂಗಮದೇವ’ ಹಚ್ಚಿದರೆ ಬಸವಣ್ಣನ ವಚನ. ವಚನಗಳಿಗಾದರೆ ‘ವಚನ ಸಂಚಯ’ ಎಂಬ ತಾಣ ಇದೆ, ಪದ ಕೊಟ್ಟು ಸಾವಿರಾರು ವಚನಗಳಲ್ಲಿ ಹುಡುಕಬಹುದು. ಸರ್ವಜ್ಞನಿಗೆ ರೆವರೆಂಡ್ ಉತ್ತಂಗಿ ಚನ್ನಪ್ಪನವರು ಸಂಪಾದಿಸಿದ ಸಂಗ್ರಹ ಎಷ್ಟೋ ಶಾಲೆ-ಕಾಲೇಜುಗಳ ಗ್ರಂಥಾಲಯದಲ್ಲಿದೆ, ಮಕ್ಕಳನ್ನು ಅಲ್ಲಿಗೇ ಕಳಿಸಿ. ಸಿಗಲಿಲ್ಲ ಅಂದ ಮಾತ್ರಕ್ಕೆ ಸುಳ್ಳು ಅನ್ನಲಾಗದು, ಪಾಠಾಂತರ ಇರಬಹುದು. ಅಚ್ಚಾದ ಸಂಗ್ರಹಗಳಲ್ಲೂ ಬೇರೆಯವರು ಬರೆದು ಸೇರಿಸಿದ ಪದ್ಯಗಳಿವೆ ಅಂತ ವಿದ್ವಾಂಸರೇ ಒಪ್ಪುತ್ತಾರೆ. ಈ ತೊಡಕನ್ನು ಮಕ್ಕಳಿಂದ ಮುಚ್ಚಿಡಬೇಡಿ. ‘ಇದು ಇಲ್ಲಿ ಸಿಕ್ಕಿದೆ, ಅಲ್ಲಿ ಸಿಕ್ಕಿಲ್ಲ, ಹಾಗಾಗಿ ನನಗೆ ಇಷ್ಟು ಅನುಮಾನ ಇದೆ’ ಅಂತ ಹೇಳಲು ಕಲಿತ ವಿದ್ಯಾರ್ಥಿ ‘ಫೇಕ್ ರೀ ಸರ’ ಅನ್ನುವವನಿಗಿಂತ ಬಹಳ ಮುಂದಿದ್ದಾನೆ.

ಮೂರನೆಯದು ಮೆಣಸಿನಕಾಯಿ. ‘ಬ್ಯಾಡಗಿ ಮಾರುಕಟ್ಟೆಯಲ್ಲಿ ದಾಖಲೆ ಬೆಲೆ!’ ಅನ್ನುವ ವಿಡಿಯೋ ರೈತರ ಮನೆಗಳಲ್ಲಿ ಓಡಾಡುತ್ತದೆ. ಹೇಳಿದ ಬೆಲೆ ಖರೆಯೇ ಇರಬಹುದು, ಒಬ್ಬ ರೈತನ ಒಂದು ಒಳ್ಳೆಯ ಲಾಟಿಗೆ ಸಿಕ್ಕಿರಬಹುದು. ರಾಜ್ಯದ ‘ಕೃಷಿ ಮಾರಾಟ ವಾಹಿನಿ’ಯಲ್ಲೋ ಕೇಂದ್ರದ ‘ಅಗ್‌ಮಾರ್ಕ್‌ನೆಟ್’ನಲ್ಲೋ ನೋಡಿದರೆ ಕನಿಷ್ಠ, ಗರಿಷ್ಠ, ಮಾದರಿ ಅಂತ ಮೂರು ದರ ಇರುತ್ತವೆ. ಹೆಚ್ಚಿನ ಮಾಲು ಹೋದದ್ದು ಮಾದರಿ ದರಕ್ಕೆ. ಕಡ್ಡಿ, ಡಬ್ಬಿ, ಗುಂಟೂರು ತಳಿಗಳಿಗೆ ದರ ಬೇರೆ ಬೇರೆ. ಸುಳ್ಳು ಹೇಳದೆಯೇ ದಾರಿ ತಪ್ಪಿಸುವುದು ಹೇಗೆ ಅನ್ನುವ ಪಾಠ ಇದು. ಗಣಿತದ ಸರಾಸರಿ, ಬಹುಲಕದ ಪಾಠಕ್ಕೂ ನೇರ ಕೂಡಿಕೊಳ್ಳುತ್ತದೆ.

ಈ ವಿಧಾನದ ತೊಂದರೆಯನ್ನೂ ಹೇಳಬೇಕು, ಅದು ಕನ್ನಡದಲ್ಲಿ ಹೆಚ್ಚು. ಇಂಗ್ಲಿಷಿನಲ್ಲಿ ಒಂದು ಸಂಸ್ಥೆಯ ಹೆಸರು ಹಾಕಿದರೆ ಅದರ ಬಗ್ಗೆ ಬೇರೆಯವರು ಬರೆದದ್ದು ಸಿಗುತ್ತದೆ. ಕನ್ನಡದ ಸುದ್ದಿಯೊಂದನ್ನು ಹುಡುಕಿದರೆ ಹತ್ತು ಪೋರ್ಟಲ್ ಬರುತ್ತವೆ, ಹತ್ತರಲ್ಲೂ ಅದೇ ವಾಕ್ಯ, ಅದೇ ಕಾಗುಣಿತದ ತಪ್ಪು. ಒಬ್ಬರಿಂದ ಒಬ್ಬರು ಎತ್ತಿಕೊಂಡದ್ದು. ಮಕ್ಕಳಿಗೆ ಮಾತ್ರ ಹತ್ತು ಸಾಕ್ಷಿ ಸಿಕ್ಕಂತೆ ಕಾಣುತ್ತದೆ. ಎಷ್ಟು ಕಡೆ ಬಂದಿದೆ ಅಂತ ಎಣಿಸುವ ಬದಲು ಎಷ್ಟು ಮೂಲದಿಂದ ಬಂದಿದೆ ಅಂತ ಎಣಿಸಲು ಕಲಿಸುವುದಕ್ಕೇ ಒಂದು ಪೂರ್ತಿ ಪಿರಿಯಡ್ ಇಡಿ. ಒಂದೇ ಸುದ್ದಿಯ ಐದು ಪ್ರತಿಗಳನ್ನು ಮುದ್ರಿಸಿ ಕೊಟ್ಟು, ಸಮಾನವಾದ ಸಾಲುಗಳಿಗೆ ಗೆರೆ ಎಳೆಸಿದರೆ ಸಾಕು, ಮಿಕ್ಕಿದ್ದನ್ನು ಮಕ್ಕಳೇ ಹೇಳುತ್ತಾರೆ.

ಇನ್ನೊಂದು ತೊಡಕು ಅಕ್ಷರದ್ದು. ಸರ್ಕಾರಿ ಆದೇಶಗಳು ಎಷ್ಟೋ ಸಲ ಸ್ಕ್ಯಾನ್ ಮಾಡಿದ ಚಿತ್ರಗಳು. ಹಳೆಯ ಪಿಡಿಎಫ್‌ಗಳು ಯೂನಿಕೋಡ್ ಅಲ್ಲದ ‘ನುಡಿ’ ತಂತ್ರಾಂಶದ ಅಕ್ಷರದಲ್ಲಿರುತ್ತವೆ. ಎರಡನ್ನೂ ಕನ್ನಡ ಪದ ಕೊಟ್ಟು ಹುಡುಕಿದರೆ ಸಿಗುವುದು ಕಷ್ಟ. ‘ಗೂಗಲ್‌ನ್ಯಾಗ ಇಲ್ರೀ ಸರ, ಅಂದ್ರ ಸುಳ್ಳ’ ಅನ್ನುವ ತರ್ಕ ಅದಕ್ಕೇ ಇಲ್ಲಿ ನಡೆಯುವುದಿಲ್ಲ. ಚಿತ್ರದಲ್ಲಿರುವ ಕನ್ನಡವನ್ನು ಗೂಗಲ್ ಲೆನ್ಸ್ ತಕ್ಕಮಟ್ಟಿಗೆ ಸರಿಯಾಗಿಯೇ ಓದುತ್ತದೆ, ಆದೇಶದ ಸಂಖ್ಯೆಯನ್ನು ಅದರಿಂದ ತೆಗೆದು ಹುಡುಕಿಸಬಹುದು. ಫೋಟೋ ಎಂದಿನದ್ದು ಅಂತ ನೋಡಲು ಲೆನ್ಸಿನ ಜೊತೆ ‘ಟಿನ್‌ಐ’ ಎಂಬ ಫೋಟೋ ಹುಡುಕುವ ತಾಣವನ್ನೂ ತೋರಿಸಿ, ಅದರಲ್ಲಿ ಹಳೆಯದು ಮೊದಲು ಬರುವಂತೆ ಜೋಡಿಸಬಹುದು. ವಿಡಿಯೋ ಆದರೆ ಒಂದು ಚೌಕಟ್ಟನ್ನು ಸ್ಕ್ರೀನ್‌ಶಾಟ್ ತೆಗೆದು ಅದನ್ನು ಹುಡುಕಿಸಿ.

ಕೇಂದ್ರ ಸರ್ಕಾರದ ಯೋಜನೆ, ನೇಮಕಾತಿ, ಉಚಿತ ಲ್ಯಾಪ್‌ಟಾಪ್ ಮುಂತಾದ ಸಂದೇಶಗಳಿಗೆ ಕೇಂದ್ರದ ಪತ್ರಿಕಾ ಮಾಹಿತಿ ಸಂಸ್ಥೆ ಪಿಐಬಿಯ ಸುದ್ದಿ ಪರಿಶೀಲನಾ ವಿಭಾಗ 2019ರಿಂದ ಇದೆ. ಅದು ನೋಡುವುದು ಕೇಂದ್ರ ಸರ್ಕಾರಕ್ಕೆ ಸೇರಿದ ಸುದ್ದಿಗಳನ್ನು ಮಾತ್ರ, ಅದನ್ನು ನಡೆಸುವುದೂ ಸರ್ಕಾರವೇ. ಖಾಸಗಿಯಾಗಿ ಆಲ್ಟ್ ನ್ಯೂಸ್, ಬೂಮ್, ಫ್ಯಾಕ್ಟ್‌ಲಿ ಮುಂತಾದವು ಇವೆ. ಅವರ ತೀರ್ಪನ್ನು ಹೇಳುವುದಕ್ಕಿಂತ ಅವರು ತಲುಪಿದ ದಾರಿಯನ್ನು ಓದಿಸಿ: ಯಾವ ಫೋಟೋ ಎಲ್ಲಿ ಸಿಕ್ಕಿತು, ಯಾರಿಗೆ ಫೋನು ಮಾಡಿದರು.

ಸುಳ್ಳು ಹುಟ್ಟಿಸುವ ಆಟ

2018ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದ ಸಂಶೋಧಕರು ಸೇರಿ ಮಾಡಿದ ಒಂದು ಆನ್‌ಲೈನ್ ಆಟ ಹೆಸರುವಾಸಿಯಾಯಿತು. ಆಡುವವನೇ ಸುಳ್ಳುಸುದ್ದಿಯ ವ್ಯಾಪಾರಿ. ಬೇರೆಯವರ ವೇಷ ಹಾಕುವುದು, ಸಿಟ್ಟು-ಭಯ ಎಬ್ಬಿಸುವುದು, ಜನರನ್ನು ಎರಡು ಪಾಳಯ ಮಾಡುವುದು, ಪಿತೂರಿಯ ಕಥೆ ಕಟ್ಟುವುದು ಹೀಗೆ ಆರು ಪಟ್ಟುಗಳನ್ನು ಕಲಿಯುತ್ತ ಹೋಗಬೇಕು. ಲಸಿಕೆ ಹಾಕಿದಂತೆ ಸ್ವಲ್ಪ ವಿಷ ಕೊಟ್ಟು ತಡೆಯುವ ಶಕ್ತಿ ಬೆಳೆಸುತ್ತೇವೆ ಅನ್ನುವುದು ಅವರ ವಾದ.

ಮಕ್ಕಳಿಗೆ ಮಜಾ ಬರುತ್ತದೆ, ಅದರಲ್ಲಿ ಅನುಮಾನ ಇಲ್ಲ. ಆದರೆ 2023ರಲ್ಲಿ ಬೇರೆ ಇಬ್ಬರು ಸಂಶೋಧಕರು ಇಂಥ ಆಟಗಳ ಹಳೆಯ ಅಂಕಿಅಂಶಗಳನ್ನೇ ಇನ್ನೊಂದು ಲೆಕ್ಕದಲ್ಲಿ ನೋಡಿದಾಗ, ಆಡಿದವರು ಖರೆ-ಸುಳ್ಳು ಬೇರೆ ಮಾಡುವುದರಲ್ಲಿ ಚುರುಕಾಗಿರಲಿಲ್ಲ. ಎಲ್ಲವನ್ನೂ ಸುಳ್ಳು ಅನ್ನುವ ಕಡೆಗೆ ವಾಲಿದ್ದರು, ಅಷ್ಟೇ. ನನಗೆ ಇದು ದೊಡ್ಡ ಎಚ್ಚರಿಕೆ. ಯಾವ ಪೇಪರನ್ನೂ, ಯಾವ ವೈದ್ಯರನ್ನೂ ನಂಬದ ಹುಡುಗ ಎಲ್ಲವನ್ನೂ ನಂಬುವ ಹುಡುಗನಷ್ಟೇ ಸುಲಭವಾಗಿ ಯಾರದೋ ಬಲೆಗೆ ಬೀಳುತ್ತಾನೆ.

ಆಟದ ಆಸೆ ಇದ್ದರೆ ಕಾಗದದ ಮೇಲೆ ಆಡಿಸಿ. ಉಣಕಲ್ ಕೆರೆಯ ಬಗ್ಗೆ ನಾಲ್ಕು ಸಾಲಿನ ಸಾದಾ ಸುದ್ದಿ ಕೊಟ್ಟು, ಒಂದೂ ಹೊಸ ಸಂಗತಿ ಸೇರಿಸದೆ ಭಯ ಹುಟ್ಟುವಂತೆ ತಲೆಬರಹ ಬರೆಯಿರಿ ಅಂದರೆ ಒಂದು ಪಿರಿಯಡ್ ಹೋದದ್ದೇ ಗೊತ್ತಾಗುವುದಿಲ್ಲ. ಬರೆದದ್ದನ್ನೆಲ್ಲ ಮುಗಿದ ಮೇಲೆ ಮರೆಯದೆ ಹರಿದು ಹಾಕಿಸಿ. ಇಲ್ಲದಿದ್ದರೆ ಸಂಜೆಯೊಳಗೆ ಅದು ಯಾರದೋ ಸ್ಟೇಟಸ್‌ನಲ್ಲಿರುತ್ತದೆ.

ಬೇರೆ ಪಿರಿಯಡ್ಡೋ, ಇರುವ ಪಾಠದೊಳಗೋ?

ಬೇರೆ ಪಿರಿಯಡ್ ಸಿಕ್ಕರೆ ಬೇಡ ಅನ್ನಬೇಡಿ. ಸಿಗುವುದಿಲ್ಲ ಅನ್ನುವುದು ಬೇರೆ ಮಾತು. ಸಿಕ್ಕರೂ ಅದು ಕಂಪ್ಯೂಟರ್ ಶಿಕ್ಷಕರ ಪಾಲಿಗೆ ಹೋಗಿ, ‘ಪಾಸ್‌ವರ್ಡ್ ಯಾರಿಗೂ ಹೇಳಬಾರದು’ ಅನ್ನುವ ಪಾಠದ ಪಕ್ಕ ಕೂರುತ್ತದೆ. ಆಗ ಮಕ್ಕಳು ಇದನ್ನು ಕಂಪ್ಯೂಟರಿನ ವಿಷಯ ಅಂದುಕೊಳ್ಳುತ್ತಾರೆ. ಲಕ್ಕುಂಡಿಯ ಗುಡಿಗಳನ್ನು ಯಾರು ಕಟ್ಟಿಸಿದರು ಅಂತ ಯೂಟ್ಯೂಬಿನವರು ಹೇಳಿದ್ದನ್ನು ಪರೀಕ್ಷಿಸಲು ಕಂಪ್ಯೂಟರ್ ಜ್ಞಾನ ಬೇಕಿಲ್ಲ, ಚಾಲುಕ್ಯರ ಬಗ್ಗೆ ಒಂದಿಷ್ಟು ತಿಳಿವಳಿಕೆ ಬೇಕು. ವಿಷಯ ಗೊತ್ತಿಲ್ಲದವನಿಗೆ ಯಾವ ವಿಧಾನವೂ ಪೂರ್ತಿ ಕೈ ಹಿಡಿಯದು.

ಪಾಠದೊಳಗೆ ಸೇರಿಸುವುದರ ದೋಷ, ಎಲ್ಲರ ಜವಾಬ್ದಾರಿ ಯಾರ ಜವಾಬ್ದಾರಿಯೂ ಅಲ್ಲದೆ ಹೋಗುವುದು. ಜೂನ್‌ನಲ್ಲೇ ಕೂತು ಯಾರು ಯಾವ ತಿಂಗಳು ಯಾವ ಅಭ್ಯಾಸ ಮಾಡಿಸಬೇಕು ಅಂತ ಹೆಸರು ಹಾಕಿಕೊಳ್ಳಿ: ಜುಲೈ ಮಳೆ ರಜೆ ತರಗತಿ ಶಿಕ್ಷಕರಿಗೆ, ಸರ್ವಜ್ಞ ಕನ್ನಡದವರಿಗೆ, ಜನಗಣತಿ ಸಮಾಜ ವಿಜ್ಞಾನದವರಿಗೆ, ಮೆಣಸಿನಕಾಯಿ ಗಣಿತದವರಿಗೆ, ಮನೆಮದ್ದಿನ ರೀಲ್ಸ್ ವಿಜ್ಞಾನದವರಿಗೆ.

ಯಾರಿಗೆ ಯಾವುದು

ಹಳ್ಳಿಯ ಹೈಸ್ಕೂಲು, ಇಂಟರ್‌ನೆಟ್ ಇಲ್ಲ: ನಾಲ್ಕು ಹೆಜ್ಜೆಗಳನ್ನು ಮುದ್ರಿಸಿದ ಸ್ಕ್ರೀನ್‌ಶಾಟ್‌ಗಳಲ್ಲಿ ಮಾಡಿಸಿ. ಒಂದು ಹಾಳೆಯಲ್ಲಿ ಸಂದೇಶ, ಇನ್ನೊಂದರಲ್ಲಿ ಹುಡುಕಾಟದ ಫಲಿತಾಂಶ. ಯಾವ ಲಿಂಕನ್ನು ಮೊದಲು ಒತ್ತುತ್ತೀರಿ, ಯಾಕೆ ಅಂತ ಕೇಳಿದರೆ ಅರ್ಧ ಪಾಠ ಆದಂತೆ. ಮೊದಲು ಬಂದ ಲಿಂಕಿಗೇ ಕೈ ಹಾಕುವ ಚಟ ಅಲ್ಲೇ ಕಾಣುತ್ತದೆ. ಶಿಕ್ಷಕರ ಒಂದು ಮೊಬೈಲ್ ಇದ್ದರೆ ತಾವೇ ಹುಡುಕುತ್ತ, ಮನಸ್ಸಿನಲ್ಲಿ ಬಂದದ್ದನ್ನು ಬಾಯಿಬಿಟ್ಟು ಹೇಳುತ್ತ ತೋರಿಸಿ.

ಪಟ್ಟಣದ ಶಾಲೆ, ಲ್ಯಾಬ್ ಇದೆ: ಆರು ಪಿರಿಯಡ್‌ಗಳ ಪೂರ್ತಿ ಕ್ರಮ ಹಿಡಿಯಿರಿ, ಇಬ್ಬಿಬ್ಬರನ್ನು ಒಂದು ಕಂಪ್ಯೂಟರಿಗೆ ಕೂರಿಸಿ. ಒಬ್ಬೊಬ್ಬರೇ ಕೂತರೆ ಮಾತಿಲ್ಲ, ಮಾತಿಲ್ಲದಿದ್ದರೆ ಕಾರಣ ಹೇಳುವ ಅಭ್ಯಾಸ ಇಲ್ಲ.

ಪಿಯು ಮತ್ತು ಪದವಿಯವರಿಗೆ ಚಾಟ್‌ಬಾಟ್ ಪಾಠ ಸೇರಿಸಲೇಬೇಕು. ಅಲ್ಲಿ ಎರಡನೇ ಹೆಜ್ಜೆಗೆ ಹಿಡಿತವೇ ಸಿಗುವುದಿಲ್ಲ, ಹೇಳಿದವರು ಯಾರೂ ಇಲ್ಲವಲ್ಲ! ನೇರ ಮೂರನೇ, ನಾಲ್ಕನೇ ಹೆಜ್ಜೆಗೆ ಹೋಗಬೇಕು. ಉತ್ತರದ ಒಂದೊಂದು ವಾಕ್ಯವನ್ನೂ ಬೇರೆ ಮಾಡಿ, ಒಂದೊಂದಕ್ಕೂ ಹೊರಗೆ ಆಧಾರ ಹುಡುಕಿಸಿ. ಸರ್ವಜ್ಞನ ಹತ್ತು ತ್ರಿಪದಿ ಕೊಡು ಅಂತ ಕೇಳಿಸಿ ಸಂಗ್ರಹದಲ್ಲಿ ಹುಡುಕಿಸುವುದು ಕಟ್ಟುನಿಟ್ಟಾದ ಒಳ್ಳೆಯ ಅಭ್ಯಾಸ.

ಯಾವುದನ್ನೇ ಆರಿಸಿದರೂ ಕೊನೆಗೆ ಪರೀಕ್ಷೆ ಹೇಗೆ ಮಾಡುತ್ತೀರಿ ಅನ್ನುವುದರ ಮೇಲೆ ಮಕ್ಕಳು ಏನು ಕಲಿತರು ಅನ್ನುವುದು ನಿಂತಿದೆ. ಹತ್ತು ಸಂದೇಶ ಕೊಟ್ಟು ಹತ್ತೂ ಸುಳ್ಳೇ ಇದ್ದರೆ, ಮೂರನೆಯದಕ್ಕೇ ಜಾಣರು ವಾಸನೆ ಹಿಡಿದು ಮಿಕ್ಕಿದ್ದಕ್ಕೆಲ್ಲ ಕಣ್ಣು ಮುಚ್ಚಿ ‘ಸುಳ್ಳು’ ಬರೆಯುತ್ತಾರೆ. ಐದು ಖರೆ, ನಾಲ್ಕು ಸುಳ್ಳು, ಒಂದು ಇನ್ನೂ ತೀರ್ಮಾನವಾಗದ್ದು ಅಂತ ಬೆರೆಸಿ, ಅದೂ ನಂಬಲು ಕಷ್ಟವೆನಿಸುವ ಖರೆ ಸುದ್ದಿಗಳನ್ನೇ ಆರಿಸಿ. ಒಂದೂವರೆ ಕಿಲೋಮೀಟರ್ ಉದ್ದದ ಪ್ಲಾಟ್‌ಫಾರ್ಮ್ ಅದರಲ್ಲಿ ಇರಲಿ. ಉತ್ತರಕ್ಕೆ ಒಂದು ಅಂಕ, ಎಲ್ಲಿ ನೋಡಿದೆ ಅಂತ ಬರೆದದ್ದಕ್ಕೆ ಎರಡು.